ಗಂಡಿಯಲ್ಲಿ ನಿಂತ ಮಾಮಾ

ನಾನು ಡಿಗ್ರಿ ಮುಗಿಸುವುದು ಆಗದ ಮಾತು ಎಂದು ಮೊದಲು ಹೇಳಿದವರು ನನ್ನ ಸೋದರಮಾವ, ನಾವು ಮಾಮಾ ಎನ್ನುವವರು. ವನದುರ್ಗದ ಹತ್ತಿರ ಅವರ ಕುರಿ, ಆಡುಗಳ ಹಟ್ಟಿ. ಸಂಜೆ ಮೇದು ಬಂದ ತಾಯಿಗಳು ಹಾಲು ಕುಡಿಸಿದ ಮೇಲೆ ಮರಿಗಳನ್ನು ಮುಳ್ಳುಬೇಲಿಯೊಳಗೆ ನೂಕಬೇಕು, ತಾಯಿಗಳನ್ನು ಹೊರಗೇ ತಡೆಯಬೇಕು. ಬೇಲಿಗೆ ಒಂದಾಳು ನಿಲ್ಲುವಷ್ಟು ಒಂದೇ ಗಂಡಿ. ಒಮ್ಮೆ ಅಲ್ಲಿ ನನ್ನನ್ನು ನಿಲ್ಲಿಸಿದರು. ನಾನು ಪುಸ್ತಕ ಹಿಡಿದು ನಿಂತೆ. ತಲೆ ಎತ್ತುವಷ್ಟರಲ್ಲಿ ಮರಿ, ತಾಯಿ ಎಲ್ಲ ಕಲೆತು ಹಟ್ಟಿ ಸಂತೆಯಾಗಿತ್ತು.

“ಗಂಡಿ ಕಾಯಾಕ ಬರಂಗಿಲ್ಲ, ಇಕಿ ಡಿಗ್ರಿ ಮಾಡ್ತಾಳಂತ,” ಎಂದರು ಮಾಮಾ. ಅದನ್ನೇ ಶಹಾಪುರದ ಬಸ್ ನಿಲ್ದಾಣದವರೆಗೂ ಹೇಳಿಕೊಂಡು ತಿರುಗಿದರು. ನಮ್ಮ ಮನೆತನದಲ್ಲಿ ಹೈಸ್ಕೂಲು ದಾಟಿದವರಿರಲಿಲ್ಲ, ಹಾಗಾಗಿ ಎಲ್ಲರೂ ನಂಬಿದರು.

ಕೊನೆಯ ವರ್ಷ ಬರೆಯುವ ಪರೀಕ್ಷೆ ಮುಗಿದು ಜೀವಶಾಸ್ತ್ರದ ಮೌಖಿಕ ಒಂದೇ ಉಳಿದಿತ್ತು. ಫೇಲಾದರೆ ಮತ್ತೆ ಪರೀಕ್ಷೆ ಕಟ್ಟಲು ಬಿಡುವುದಿಲ್ಲ ಎಂದು ಅಪ್ಪ ಮೊದಲೇ ಹೇಳಿದ್ದ. ಪರೀಕ್ಷಕರು ಮೈಸೂರು ಕಡೆಯವರು, ಮೆತ್ತಗೆ ಕೇಳಿದರು: ಲೋಕದಲ್ಲಿ ತನ್ನಷ್ಟಕ್ಕೆ ಬಿಟ್ಟದ್ದೆಲ್ಲ ಒಂದರೊಳಗೊಂದು ಕಲೆಯುತ್ತಾ ಹೋಗುವಾಗ, ಜೀವಕೋಶ ಮಾತ್ರ ಪೊಟ್ಯಾಸಿಯಂ ಒಳಗೆ, ಸೋಡಿಯಂ ಹೊರಗೆ ಎಂದು ಹೇಗೆ ಇಟ್ಟುಕೊಳ್ಳುತ್ತದೆ?

ಬಾಯಿಪಾಠ ಮಾಡಿದ ಇಂಗ್ಲಿಷ್ ಉತ್ತರದ ಒಂದಕ್ಷರವೂ ನೆನಪಾಗಲಿಲ್ಲ. ಕಣ್ಣ ಮುಂದೆ ಬಂದದ್ದು ಗಂಡಿ.

“ಕುರಿಹಟ್ಟಿ ಇದ್ದಂಗ್ರಿ ಸರ್.”

ಮರಿಗಳು ಪೊಟ್ಯಾಸಿಯಂ, ತಾಯಿಗಳು ಸೋಡಿಯಂ; ನುಸುಳುವವು ನುಸುಳುತ್ತಲೇ ಇರುತ್ತವೆ, ಗಂಡಿಯಲ್ಲಿದ್ದವರು ನೂಕುತ್ತಲೇ ಇರಬೇಕು ಎಂದು ಬಿಡಿಸಿ ಹೇಳಿದೆ. ಅವರು ಪೆನ್ನು ಕೆಳಗಿಟ್ಟು, ಅಲ್ಲಿ ನಿಲ್ಲುವವರು ಯಾರು ಎಂದರು.

“ನಮ್ಮ ಮಾಮಾರಿ.”

“ಅವರಿಗೆ ಶಕ್ತಿ ಎಲ್ಲಿಂದ?”

“ರೊಟ್ಟಿಯಿಂದರಿ. ರೊಟ್ಟಿ ತಪ್ಪಿದ್ರ ಮಾಮಾ ಕುಂತ್ಬಿಡ್ತಾರ, ಮರಿ ತಾಯಿ ಎಲ್ಲಾ ಬೆರೆತು ಹೋಗ್ತಾವ್ರಿ.”

ಒಳಗೆ ಅಚ್ಚುಕಟ್ಟಾದರೆ ಅವ್ಯವಸ್ಥೆ ಎಲ್ಲಿಗೆ ಹೋಯಿತು ಎಂದು ಬಿಡದೆ ಕೇಳಿದರು. ಮಾಮಾನ ಮೈ ಕಾಯುತ್ತದೆ, ಬೆವರುತ್ತದೆ, ಆ ಕಾವೆಲ್ಲ ಹೊರಗಿನ ಗಾಳಿಗೆ ಹೋಗುತ್ತದೆ ಎಂದೆ. ಬೈಗುಳವೂ ಹೋಗುತ್ತದೆ ಎಂದು ಸೇರಿಸಿದೆ. ಪಕ್ಕದಲ್ಲಿದ್ದ ನಮ್ಮ ಮೇಡಂ ಕೆಮ್ಮಿದರು. ಜೀವಕೋಶ ಬೈಯುವುದಿಲ್ಲ, ಉಳಿದದ್ದು ಸರಿ ಎಂದು ಪರೀಕ್ಷಕರು ನಕ್ಕರು. ಪಾಸಾದೆ.

ಸರ್ಟಿಫಿಕೇಟ್ ಕೈಗೆ ಬಂದ ಸಂಜೆ ನೆಟ್ಟಗೆ ಹಟ್ಟಿಗೇ ಹೋದೆ. ಮಾಮಾ ಗಂಡಿಯಲ್ಲಿದ್ದರು. ಪ್ರತಿಯೊಂದು ಜೀವಕೋಶದಲ್ಲೂ ನಿಮ್ಮಂಥವರೇ ದುಡಿಯುವುದು ಎಂದೆ. ಹಂಗಾದ್ರ ಅವರಿಗೂ ಬಿಡುವಿಲ್ಲ ಅನ್ನು ಎಂದು ಮರುಗಿದರು. ಮೊಣಕಾಲಲ್ಲಿ ಒಂದು ಕುರಿಯನ್ನು ತಡೆದು, ಕೈ ಧೋತರಕ್ಕೆ ಒರೆಸಿಕೊಂಡು, ನಾನು ಕೊಟ್ಟ ಸರ್ಟಿಫಿಕೇಟನ್ನು ಎರಡೂ ಕೈಯಲ್ಲಿ ಹಿಡಿದು ಎದೆಗಿಂತ ಮೇಲೆತ್ತಿದರು.

“ಆಡು ತಿಂದಾವು. ಇದನ್ನ ನಾ ಹಿಡ್ಕೊಂಡಿರ್ತೀನಿ, ನೀ ಗಂಡಿ ಕಾಯಿ. ಈಗ ಬರ್ತದಲ್ಲವ್ವಾ ನಿನಗ.”