ಖುರಾನಾನ ಗೇಟಿನ ಕೆಂಪು ಬಾಟಲಿಗಳು

ದೆಹಲಿಯ ಪೀತಮ್‌ಪುರದ ವಾಮದೇವಪ್ಪ ಸರ್ಕಾರಿ ಗುಮಾಸ್ತಿಕೆಯಿಂದ ನಿವೃತ್ತನಾದ ಮೇಲೆ ಸೂಕ್ಷ್ಮಜೀವಿಗಳನ್ನು ಸಾಕಿದ. ಬೆಲ್ಲದ ನೀರಿನ ಯೀಸ್ಟ್, ಮಜ್ಜಿಗೆಯ ತಿಳಿಯ ಹುಳಿ ಬ್ಯಾಕ್ಟೀರಿಯಾ, ಜೊತೆಗೆ ಬಿಸಿಲು ತಿಂದು ಬದುಕುವ ಕೆಂಪು ಬ್ಯಾಕ್ಟೀರಿಯಾ. ಪ್ರತಿ ಬಾಟಲಿಯಲ್ಲೂ ಮೂರೂ ಒಟ್ಟಿಗೆ ಜಗಳವಿಲ್ಲದೆ ಬೆಳೆಯುತ್ತಿದ್ದವು. ಆ ನೀರನ್ನು ಹಿತ್ತಲ ಮೋರಿಗೆ ಸುರಿದರೆ ನಾತ ಇಳಿಯುತ್ತಿತ್ತು. ಬಾಟಲಿಯ ನಾತ ಮಾತ್ರ ಇಳಿಯುತ್ತಿರಲಿಲ್ಲ.

ಅದಕ್ಕೇ 2006ರ ಚಳಿಗಾಲದಲ್ಲಿ ನೆಲಮಹಡಿಯ ಖುರಾನಾ, ನಮ್ಮ ವಸತಿ ಸೊಸೈಟಿಯ ಕಾರ್ಯದರ್ಶಿ, ತಾರಸಿಯಲ್ಲಿ ಬಿಸಿಲಿಗಿಟ್ಟಿದ್ದ ಹನ್ನೆರಡು ಬಾಟಲಿಗಳನ್ನೂ ಕೆಳಗಿಳಿಸಿದ. ವಾಮದೇವಪ್ಪನ ಮನೆಯೊಳಗೆ ಬಿಸಿಲು ಬೀಳುವುದಿಲ್ಲ. ವಾರದಲ್ಲೇ ಕೆಂಪು ಮಾಸಿತು. ಹೀಗೇ ಬಿಟ್ಟರೆ ನಾಲ್ಕು ವರ್ಷ ಸಾಕಿದ್ದು ಸಾಯುತ್ತಿತ್ತು. ಖುರಾನಾನ ಗೇಟಿನ ಮುಂದೆ ಧರಣಿ ಕೂರೋಣ ಎಂದೆ, ಪಕ್ಕದ ಮನೆಯವನಾದ ನಾನು.

“ಕೂತರೆ ಬಿಸಿಲು ನಮಗೆ ಬೀಳುತ್ತೆ ಕಣಯ್ಯ, ಬಾಟಲಿಗಲ್ಲ,” ಎಂದ ವಾಮದೇವಪ್ಪ.

ದೆಹಲಿಯಲ್ಲಿ ನಾಯಿ ಕಾಲೆತ್ತದಿರಲೆಂದು ಗೇಟಿನ ಮುಂದೆ ಬಣ್ಣದ ನೀರಿನ ಬಾಟಲಿ ಇಡುತ್ತಾರೆ. ಖುರಾನಾನ ಗೇಟಿಗೆ ದಿನವಿಡೀ ಬಿಸಿಲು. ಅಲ್ಲೂ ಒಂದು ಬಾಟಲಿ ಇತ್ತು.

“ಖುರಾನಾ ಸಾಬ್, ನಿಮ್ಮದರ ಬಣ್ಣ ಹೋಗಿದೆ. ಬಿಸಿಲಿಗೆ ಇಟ್ಟಷ್ಟೂ ಕೆಂಪಾಗೋ ನೀರು ನನ್ನ ಹತ್ತಿರ ಇದೆ. ಇಡಲಾ?” ಎಂದು ವಾಮದೇವಪ್ಪ ಕೇಳಿದ.

“ಅಚ್ಛಾ? ಇಡಿ, ಇಡಿ. ನಾತ ಬರದ ಹಾಗೆ ಮುಚ್ಚಳ ಮಾತ್ರ ಬಿಗಿ ಇರಲಿ.”

ಮರುದಿನ ಬೆಳಿಗ್ಗೆ ನಾಯಿ ಬಂದು ವಾಮದೇವಪ್ಪ ಇಟ್ಟ ಬಾಟಲಿಗೇ ಕಾಲೆತ್ತಿತು.

“ಅರೆ ವಾಮದೇವ್‌ಜೀ, ಇದು ಕೆಲಸ ಮಾಡ್ತಿಲ್ಲ!” ಖುರಾನಾ ರೇಗಿದ.

“ಒಂದಕ್ಕೆಲ್ಲ ನಾಯಿ ಹೆದರುತ್ತಾ ಸಾಬ್?” ಎಂದು ವಾಮದೇವಪ್ಪ ಉಳಿದ ಹನ್ನೊಂದನ್ನೂ ತಂದು ಸಾಲಾಗಿ ನಿಲ್ಲಿಸಿದ.

ಎರಡು ವಾರದಲ್ಲಿ ಹನ್ನೆರಡೂ ದಾಳಿಂಬೆ ಬಣ್ಣಕ್ಕೆ ತಿರುಗಿದವು. ನಾಯಿ ಬರುವುದನ್ನು ನಿಲ್ಲಿಸಲಿಲ್ಲ. ಖುರಾನಾ ಇನ್ನೊಂದು ಡಜನ್ ಕೇಳಿದ.