ಟ್ಯೂಬಿನ ಚೀಟಿ ಓದಿಸಿದ ಟೈಲರಕ್ಕ

ಟೈಲರಕ್ಕನ ತುಟಿಗಳ ನಡುವೆ ಯಾವಾಗಲೂ ಮೂರು ನಾಲ್ಕು ಗುಂಡುಸೂಜಿ ಇರುತ್ತಿದ್ದವು. ಅವನ್ನು ಕಚ್ಚಿಕೊಂಡೇ ಅವರು ಮಾತಾಡುತ್ತಿದ್ದರು, ನಗುತ್ತಿದ್ದರು, ರಸ್ತೆಯ ಆಚೆ ಹೋಗುವವರನ್ನು ಕೂಗಿ ಕರೆಯುತ್ತಿದ್ದರು. ಒಂದು ಸೂಜಿಯೂ ಬಿದ್ದದ್ದನ್ನು ನಾನು ನೋಡಿಲ್ಲ. ಎರಡೂ ಕೆನ್ನೆಯ ಮೇಲೆ ಹಳೆಯ ಮೊಡವೆಗಳ ಗುಳಿಗಳಿದ್ದವು. ತೂತು ತೂತಾದ ಚಿರೆಕಲ್ಲಿನ ಗೋಡೆಯ ಹಾಗೆ ಎಂದರೆ ಅವರಿಗೆ ಬೇಸರವಾಗದು, ಏಕೆಂದರೆ ಆ ಮಾತು ಅವರದೇ. “ನನ್ನ ಮುಖಕ್ಕೆ ಸಿಮೆಂಟು ಬಳಿಯೂದು ಒಂದು ಬಾಕಿ ಉಳ್ದಿದೆ” ಎನ್ನುತ್ತಿದ್ದರು.

ಶಿರಾಲಿಯಲ್ಲಿ ಹೈವೇ ಬದಿಗೆ ಅವರ ಅಂಗಡಿ. ರಸ್ತೆ ಅಗಲ ಮಾಡುವಾಗ ಅದರ ಮುಂಭಾಗ ಹೋಯಿತು. ಉಳಿದ ಅರ್ಧದಲ್ಲಿ ಒಂದು ಹೊಲಿಗೆ ಯಂತ್ರ, ಒಂದು ಬೆಂಚು, ಅಳತೆ ತೆಗೆಯಲು ಒಂದು ಪರದೆ. ರವಿಕೆಯ ಅಳತೆಯನ್ನು ಮೊದಲು ಹಳೆಯ ಪೇಪರಿನಲ್ಲಿ ಕತ್ತರಿಸಿಕೊಳ್ಳುವುದು ಅವರ ಕ್ರಮ. ಆದರೆ ಪೇಪರಿನಲ್ಲಿ ಇದ್ದದ್ದನ್ನು ಓದಿ ಮುಗಿಸದೆ ಕತ್ತರಿ ಇಡುತ್ತಿರಲಿಲ್ಲ. ಕಣ್ಣು ಮಂಜಾದ ಮೇಲೆ, ಬೆಂಚಿನ ಮೇಲೆ ಕಾಯುವ ಕಾಲೇಜು ಹುಡುಗಿಯರಿಂದ ಓದಿಸುತ್ತಿದ್ದರು. ಅವರ ಬಾಯಲ್ಲಿ ಹೆಚ್ಚು ಬರುವ ಮಾತು “ಎಂತಕ್ಕೆ?” ಯಾವುದನ್ನು ಹೇಳಿದರೂ ಎಂತಕ್ಕೆ. ಯಾರಾದರೂ ರೇಗಿದರೆ, “ಬಟ್ಟೆ ಕತ್ತರ್ಸುಕೆ ಮುಂಚೆ ಕೇಳ್ಬೇಕು ಮಾರಾಯ್ತಿ, ಆಮೇಲೆ ಕೇಳಿ ಎಂತ ಮಾಡೂದು?” ಎನ್ನುವರು.

ಮೊಮ್ಮಕ್ಕಳೇ, ಈ ಪುಸ್ತಕದಲ್ಲಿ ನಿಮಗೆ ಬರೆಯುತ್ತಿರುವ ನಾನು ಅವರಿಗೆ ಪೂರಾ ತದ್ವಿರುದ್ಧ. ಊರ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದವಳು. ನಿಮ್ಮ ಅಜ್ಜ ಇರುವಾಗ ಏನಿದ್ದರೂ ಅವರೇ ಕೇಳುತ್ತಿದ್ದರು, ನಾನು ಹಿಂದೆ ನಿಲ್ಲುತ್ತಿದ್ದೆ. ಅವರು ಹೋದ ಮೇಲೂ ಹಿಂದೆಯೇ ನಿಂತೆ. ಡಾಕ್ಟರು ಏನು ಹೇಳಿದರೂ ತಲೆ ಆಡಿಸಿ ಬರುವುದು ನನ್ನ ಅಭ್ಯಾಸ.

ನಿಮ್ಮ ಕುಮಟಾದ ಅತ್ತೆ, ಅಂದರೆ ನನ್ನ ಮಗಳು, ಆಗ ಭಟ್ಕಳದಲ್ಲಿ ಕಾಲೇಜಿಗೆ ಹೋಗುತ್ತಿದ್ದಳು. ಅವಳ ಮುಖದ ತುಂಬ ಮೊಡವೆ ಎದ್ದಿತ್ತು. ಬೆನ್ನಿನಲ್ಲೂ ಇತ್ತು, ಅದು ನನಗೆ ಗೊತ್ತಿರಲಿಲ್ಲ. ಒಂದು ದಿನ ಚೂಡಿದಾರ ಹೊಲಿಸಲು ಇಬ್ಬರೂ ಹೋದೆವು. ಕುತ್ತಿಗೆ ಹಿಂದೆ ಪೂರ್ತಿ ಮುಚ್ಚಬೇಕು ಎಂದಳು.

“ಎಂತಕ್ಕೆ ಕೂಸೆ? ಈ ಸೆಕೆಗೆ ಬೆಂದು ಹೋಗ್ತೆ.”

ಮಗಳು ನೆಲ ನೋಡಿದಳು. “ಈಗ ಅದೇ ಫ್ಯಾಷನ್ನು ಟೈಲರಕ್ಕ” ಎಂದೆ ನಾನು.

“ಫ್ಯಾಷನ್ನೋ, ಮೊಡವೆಯೋ?” ಎಂದರು ಅವರು ಮೆಲ್ಲಗೆ. “ಬೆನ್ನು ಮುಚ್ಚಿ ಹೊಲೀರಿ ಅನ್ನೋರ ಬೆನ್ನಲ್ಲಿ ಎಂತ ಇರ್ತದೆ ಅಂತ ನಂಗೆ ಗೊತ್ತಿಲ್ವ? ಇಲ್ಲಿವರೆಗೆ ಎಂತೆಂತ ಹಚ್ಚಿದ್ರಿ, ಅದು ಹೇಳಿ.”

ಹೇಳಿದೆವು. ಜಾಯಿಕಾಯಿ ಹಾಲಿನಲ್ಲಿ ತೇದು ಹಚ್ಚಿದ್ದೆವು. ಗಂಧ, ಅರಿಶಿನ ಆಗಿತ್ತು. ಯಾರೋ ಗೆಳತಿ ಹೇಳಿದಳೆಂದು ಟೂತ್‌ಪೇಸ್ಟೂ ಆಗಿತ್ತು. ಟೈಲರಕ್ಕ ತಮ್ಮ ಕೆನ್ನೆ ತೋರಿಸಿದರು. ಹದಿನಾರರಲ್ಲಿ ಪಕ್ಕದ ಮನೆಯವರು ಹೇಳಿದರೆಂದು ಎಲೆಗೆ ಹಾಕುವ ಸುಣ್ಣ ಹಚ್ಚಿ, ಸುಟ್ಟ ಜಾಗವನ್ನು ಉಗುರಿನಿಂದ ಕೆರೆದದ್ದಂತೆ. “ನನ್ನ ಮುಖಕ್ಕೆ ಊರಲ್ಲಿ ಇದ್ದವರೆಲ್ಲ ಡಾಕ್ಟ್ರು. ನಿಜವಾದ ಡಾಕ್ಟ್ರ ಹತ್ರ ಮಾತ್ರ ಯಾರೂ ಕರ್ಕೊಂಡು ಹೋಗ್ಲಿಲ್ಲ. ತಂಗಿ, ಇವಳನ್ನ ಕುಮಟಾಕ್ಕೆ ಕರ್ಕೊಂಡು ಹೋಗು. ಅಲ್ಲಿ ಚರ್ಮದ ಡಾಕ್ಟ್ರು ಇದ್ದಾರೆ.”

ಹೋದೆವು. ಡಾಕ್ಟರು ಒಂದು ಸಣ್ಣ ಟ್ಯೂಬು ಬರೆದುಕೊಟ್ಟರು. ಮಲಗುವ ಮುಂಚೆ ಮುಖ ತೊಳೆದು, ಒಣಗಿದ ಮೇಲೆ ಬಟಾಣಿ ಕಾಳಿನಷ್ಟು ಮಾತ್ರ ಹಚ್ಚಬೇಕು; ಕಣ್ಣಿನ ಹತ್ತಿರ, ತುಟಿಯ ಮೂಲೆಗೆ ತಾಗಿಸಬಾರದು; ಹಗಲು ಬಿಸಿಲಿಗೆ ಬೇರೆ ಕ್ರೀಮು; ಮೂರು ತಿಂಗಳು ತಾಳ್ಮೆ ಬೇಕು ಎಂದರು. ನಾನು ತಲೆ ಆಡಿಸಿದೆ.

ಮರುದಿನ ಟೈಲರಕ್ಕ ಟ್ಯೂಬನ್ನು ಪೆಟ್ಟಿಗೆ ಸಮೇತ ತರಿಸಿಕೊಂಡರು. ಒಳಗೆ ಇಂಗ್ಲಿಷಿನಲ್ಲಿ ಅಚ್ಚಾದ ತೆಳ್ಳನೆಯ ಚೀಟಿ, ಎಂಟು ಮಡಿಕೆ. ಅಂಥ ಚೀಟಿಗಳನ್ನು ನಾವು ಬಿಡಿಸುತ್ತಲೇ ಇರಲಿಲ್ಲ. ಅವರು ಅದನ್ನು ಇಸ್ತ್ರಿ ಮೇಜಿನ ಮೇಲೆ ಹರಡಿ, ಬೆಂಚಿನಲ್ಲಿದ್ದ ಡಿಗ್ರಿ ಓದುವ ಹುಡುಗಿಗೆ, “ಓದು, ಓದಿ ಕನ್ನಡದಲ್ಲಿ ಹೇಳು” ಎಂದರು.

ಅವಳು ಓದಿದಳು. ಬಟಾಣಿ ಕಾಳಿನಷ್ಟು ಎಂಬಲ್ಲಿಗೆ ಬಂದಾಗ ಟೈಲರಕ್ಕ ಯಂತ್ರ ನಿಲ್ಲಿಸಿ, “ಒಣಗಿದ ಬಟಾಣಿಯೋ, ನೆನೆಸಿದ್ದೋ?” ಎಂದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಕುಮಟಾದಿಂದ ಬಸ್ಸಿನಲ್ಲಿ ಬರುವಾಗ ಅದೇ ಪ್ರಶ್ನೆ ನನ್ನ ತಲೆಯಲ್ಲಿ ತಿರುಗಿತ್ತು. ಕೊನೆಗೆ, ಹೆಚ್ಚು ಹಚ್ಚಿದರೆ ಉರಿ, ಕಮ್ಮಿ ಆದರೆ ಕೆಡುಕಿಲ್ಲ, ಆದ್ದರಿಂದ ಒಣಗಿದ್ದೇ ಸರಿ ಎಂದು ತೀರ್ಮಾನವಾಯಿತು.

ಇನ್ನೊಂದು ಸಾಲು ಬಂತು. ಗರ್ಭಿಣಿಯರು ಹಚ್ಚಬಾರದು, ಹಚ್ಚುತ್ತಿದ್ದರೆ ನಿಲ್ಲಿಸಿ ಡಾಕ್ಟರಿಗೆ ಹೇಳಬೇಕು. ಬೆಂಚಿನ ಹುಡುಗಿಯರು ಮುಸಿಮುಸಿ ನಕ್ಕರು. “ಅದು ನಮಗಲ್ಲ, ಮುಂದೆ ಓದೆ” ಎಂದಳು ಒಬ್ಬಳು. “ಎಂತಕ್ಕೆ ಹಚ್ಚೂಕಾಗ? ಇನ್ನೊಂದ್ಸಲ ಓದು” ಎಂದರು ಟೈಲರಕ್ಕ. ಅವಳು ಇನ್ನೊಮ್ಮೆ ಓದಿದಳು. ನಾನು ಅಲ್ಲೇ ಕೂತಿದ್ದೆ. ಎರಡು ಸಲವೂ ಕೇಳಿದ್ದೆ. ಇದನ್ನು ನೀವು ನೆನಪಿಡಬೇಕು.

ಹತ್ತು ದಿನದಲ್ಲಿ ಮಗಳ ಮೂಗಿನ ಬದಿ ಸಿಪ್ಪೆ ಏಳತೊಡಗಿತು. ಮೊದಲು ಇಲ್ಲದ ಕಡೆಯಲ್ಲೂ ಮೊಡವೆ ಎದ್ದಿತು. ದುಡ್ಡು ಕೊಟ್ಟು ಮುಖ ಹಾಳು ಮಾಡಿಕೊಂಡೆವು ಎಂದು ನಾನು ಅತ್ತುಬಿಟ್ಟೆ. ಟೈಲರಕ್ಕನಿಗೆ ಮಾತ್ರ ಕುತೂಹಲವೇ ಕುತೂಹಲ. ಅಂಗಡಿಗೆ ಬರುವವರಲ್ಲಿ ಇಂಥ ಟ್ಯೂಬು ಹಚ್ಚಿದವರು ಯಾರು ಯಾರು ಎಂದು ಹುಡುಕಿ ಕೇಳಿದರು. ಭಟ್ಕಳದ ಹತ್ತಿರದ ಜಾಲಿಯಿಂದ ಬರುವ ಒಬ್ಬ ನವಾಯತಿ ಹುಡುಗಿ, ತನಗೂ ಮೊದಲ ತಿಂಗಳು ಹೆಚ್ಚಾಗಿತ್ತು, ಈಗ ನೋಡಿ ಎಂದು ಬುರ್ಖಾದ ಮುಸುಕು ಸರಿಸಿ ತೋರಿಸಿದಳಂತೆ. ಇನ್ನೊಬ್ಬಳು ಬೇಗ ಹೋಗಲಿ ಎಂದು ದಪ್ಪಕ್ಕೆ ಬಳಿದು, ಮುಖವೆಲ್ಲ ಕೆಂಪಾಗಿ ಮೂರು ದಿನ ಮನೆಯಿಂದ ಹೊರಗೆ ಬಂದಿರಲಿಲ್ಲ. ಮತ್ತೊಬ್ಬಳು ಕ್ರೀಮು ಹಚ್ಚುತ್ತಲೇ ಇಡೀ ದಿನ ಅಂಗಳದಲ್ಲಿ ಮುರುಗಲ ಹಣ್ಣಿನ ಸಿಪ್ಪೆ ಒಣಗಿಸಿ ಕಪ್ಪಾದಳು. ಒಬ್ಬಳಿಗೆ ಏನೂ ಪ್ರಯೋಜನವಾಗಲಿಲ್ಲ. ಅವಳಿಗೆ ಡಾಕ್ಟರು ಬೇರೆ ಔಷಧ ಕೊಟ್ಟರು. ಇದನ್ನೆಲ್ಲ ಟೈಲರಕ್ಕ ನನಗೆ ಒಂದೊಂದಾಗಿ ಹೇಳಿ, “ನಿಲ್ಲಿಸ್ಬೇಡ. ಉರಿ ಜಾಸ್ತಿ ಆದ್ರೆ ದಿನ ಬಿಟ್ಟು ದಿನ ಹಚ್ಚುಕೆ ಅಡ್ಡಿಲ್ವ ಅಂತ ಡಾಕ್ಟ್ರಿಗೆ ಫೋನ್ ಮಾಡಿ ಕೇಳು” ಎಂದರು. ನನಗೆ ಕೇಳಲು ಧೈರ್ಯವಾಗದೆ ಮಗಳೇ ಕೇಳಿದಳು. ಅಡ್ಡಿಯಿಲ್ಲ ಎಂದರು.

ಆ ದಿನಗಳಲ್ಲಿ ನಾನೂ ಒಂದು ಕೆಲಸ ಮಾಡಿದೆ. ಇಷ್ಟು ಸಣ್ಣ ಟ್ಯೂಬಿನಲ್ಲಿ ಅಂಥದ್ದು ಏನಿದೆ ನೋಡೋಣ ಎಂದು ಯಾರೂ ಇಲ್ಲದಾಗ ಕೆನ್ನೆಗೆ ಸ್ವಲ್ಪ ಹಚ್ಚಿಕೊಂಡೆ. ಮೊದಲು ಏನೂ ಅನಿಸಲಿಲ್ಲ. ಎರಡು ಮೂರು ದಿನ ಹಾಗೇ ಮಾಡಿದ ಮೇಲೆ ಚರ್ಮ ಬಿಗಿದು ಸಿಪ್ಪೆ ಎದ್ದಿತು. ಮನೆಯಲ್ಲಿ ಯಾರಿಗೂ ಕಾಣಲಿಲ್ಲ. ಟೈಲರಕ್ಕ ಒಂದೇ ನೋಟಕ್ಕೆ ಹಿಡಿದರು. “ಎಂತ ತಂಗಿ, ಈ ವಯಸ್ಸಿಗೆ ನಿಂಗೂ ಮೊಡವೆಯ? ಗಂಡು ನೋಡ್ಬೇಕ?” ಬೆಂಚಿನವರೆಲ್ಲ ನಕ್ಕರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕೆ. ನಿಮ್ಮ ಅಜ್ಜ ಹೋದ ಮೇಲೆ ಅಷ್ಟು ನಕ್ಕದ್ದು ಅದೇ ಮೊದಲು.

ಮೂರು ತಿಂಗಳಿಗೆ ಅಲ್ಲ, ನಾಲ್ಕು ಕಳೆಯುವಾಗ ಮಗಳ ಮುಖ ತಿಳಿಯಾಯಿತು. ಒಂದೆರಡು ಕಲೆ ಉಳಿದವು, ಅದನ್ನು ಅವಳು ಲೆಕ್ಕಿಸಲಿಲ್ಲ. ಮುಂದೆ ಮದುವೆಯಾಗಿ ಕುಮಟಾಕ್ಕೆ ಹೋದಳು. ಅರ್ಧ ಉಳಿದ ಟ್ಯೂಬು ಫ್ರಿಜ್ಜಿನ ಬಾಗಿಲಿನಲ್ಲಿ ಉಳಿಯಿತು. ಪೆಟ್ಟಿಗೆ, ಚೀಟಿ ಯಾವುದೂ ಇರಲಿಲ್ಲ.

ಮರುವರ್ಷ ನಿಮ್ಮ ಅಮ್ಮ ನಮ್ಮ ಮನೆಗೆ ಸೊಸೆಯಾಗಿ ಬಂದಳು. ಬಂದು ಮೂರು ತಿಂಗಳಾಗುವಾಗ ಅವಳ ಗಲ್ಲದ ಮೇಲೆ ಮೊಡವೆ ಎದ್ದವು. ಹೊಸ ಮನೆ, ಹೊಸ ನೀರು ಎಂದುಕೊಂಡೆ. ಅವಳ ಜೊತೆ ಹೇಗೆ ಮಾತು ಶುರು ಮಾಡುವುದೆಂದು ನನಗೆ ತಿಳಿಯುತ್ತಿರಲಿಲ್ಲ. ಒಂದು ದಿನ ಆ ಟ್ಯೂಬನ್ನು ತೆಗೆದು ಕೈಗೆ ಕೊಟ್ಟೆ. “ಒಣ ಬಟಾಣಿಯಷ್ಟೇ ಹಚ್ಕೊ” ಎಂದೆ. ಅವಳು ಖುಷಿಯಿಂದ ತೆಗೆದುಕೊಂಡಳು. ಅತ್ತೆ ಸೊಸೆಯ ಮಧ್ಯೆ ಒಂದು ಗುಟ್ಟಾಯಿತು ಎಂದು ನನಗೂ ಖುಷಿಯಾಯಿತು.

ಎರಡು ವಾರದ ಬಳಿಕ ಹೊನ್ನಾವರದಲ್ಲಿ ನನ್ನ ತಂಗಿಯ ಮಗಳ ಮದುವೆ ಇತ್ತು. ರವಿಕೆ ಹೊಲಿಸಲು ಇಬ್ಬರೂ ಟೈಲರಕ್ಕನ ಹತ್ತಿರ ಹೋದೆವು. ನಿಮ್ಮ ಅಮ್ಮನ ಅಳತೆ ಎರಡು ತಿಂಗಳ ಹಿಂದೆಯಷ್ಟೇ ಪುಸ್ತಕದಲ್ಲಿ ಬರೆದಿತ್ತು. ಆದರೂ ಅವರು ಟೇಪು ಹಿಡಿದರು. ಎದೆಯ ಸುತ್ತ ಒಮ್ಮೆ ಹಿಡಿದರು, ಪುಸ್ತಕ ನೋಡಿದರು, ಮತ್ತೊಮ್ಮೆ ಹಿಡಿದರು. ಆಮೇಲೆ ಅವಳ ಮುಖ ನೋಡಿದರು. ಮೂಗಿನ ಬದಿಯ ಸಿಪ್ಪೆ ಕಂಡಿತು.

“ಮುಖಕ್ಕೆ ಎಂತ ಹಚ್ತೆ ಕೂಸೆ?”

“ಅತ್ತೆ ಕೊಟ್ಟ ಕ್ರೀಮು” ಎಂದಳು ನಿಮ್ಮ ಅಮ್ಮ.

ಟೈಲರಕ್ಕ ಬಾಯಿಂದ ಸೂಜಿಗಳನ್ನು ತೆಗೆದು ಮೇಜಿನ ಮೇಲಿಟ್ಟರು. “ತಂಗಿ, ಈ ಬಣ್ಣದ ನೂಲು ನನ್ನ ಹತ್ರ ಇಲ್ಲ, ಎದುರಿನ ಅಂಗಡಿಂದ ತಕೊಂಡು ಬಾ” ಎಂದು ನನ್ನನ್ನು ಕಳಿಸಿದರು. ನೂಲು ಅವರ ಡಬ್ಬದಲ್ಲಿ ಇದ್ದದ್ದು ನನಗೆ ಕಾಣುತ್ತಿತ್ತು. ಆದರೂ ಹೋದೆ. ತಿರುಗಿ ಬರುವಾಗ ನಿಮ್ಮ ಅಮ್ಮ ಬೆಂಚಿನ ಮೇಲೆ ಕೂತು ಬೆರಳು ಎಣಿಸುತ್ತಿದ್ದಳು. ತಿಂಗಳು ತಪ್ಪಿ ಎಷ್ಟು ದಿನವಾಯಿತೆಂದು ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ.

“ಒಂದೂವರೆ ಇಂಚು ಜಾಸ್ತಿ ಆಗಿದೆ, ಸೊಂಟ ಇದ್ದ ಹಾಗೇ ಇದೆ” ಎಂದರು ಟೈಲರಕ್ಕ ನನ್ನ ಕಿವಿಯ ಹತ್ತಿರ. “ನಾ ಡಾಕ್ಟ್ರಲ್ಲ. ನಾಳೆ ಬೆಳಿಗ್ಗೆ ಭಟ್ಕಳಕ್ಕೆ ಕರ್ಕೊಂಡು ಹೋಗಿ ತೋರ್ಸು. ಕ್ರೀಮು ಇವತ್ತಿಂದ ಬೇಡ. ಆ ಚೀಟಿ ಓದ್ಸುವಾಗ ನೀ ಇಲ್ಲೇ ಕೂತಿದ್ಯಲ್ಲೆ?”

ನಾನು ತಂದ ನೂಲನ್ನು ಮೇಜಿನ ಮೇಲಿಟ್ಟು ಸೊಸೆಯ ಪಕ್ಕ ಕೂತೆ.

ಭಟ್ಕಳದ ಲೇಡಿ ಡಾಕ್ಟರು ಪರೀಕ್ಷೆ ಮಾಡಿ ಹೌದು ಎಂದರು. ಕ್ರೀಮಿನ ವಿಷಯ ಕೇಳಿ, “ಚರ್ಮಕ್ಕೆ ಹಚ್ಚಿದ್ದು ಮೈ ಒಳಗೆ ಹೋಗೋದು ತೀರಾ ಕಮ್ಮಿ. ಅಷ್ಟು ಹೆದರಬೇಡಿ. ಆದ್ರೆ ಗೊತ್ತಿದ್ದೂ ಹಚ್ಚೋ ಔಷಧ ಅಲ್ಲ ಇದು. ಯಾರು ಕೊಟ್ಟದ್ದು?” ಎಂದರು. ನಿಮ್ಮ ಅಮ್ಮ ನನ್ನ ಕಡೆ ನೋಡದೆ, “ಮನೇಲಿ ಇತ್ತು ಡಾಕ್ಟ್ರೆ, ನಾನೇ ಹಚ್ಕೊಂಡೆ” ಎಂದಳು.

ಮನೆಯಲ್ಲೂ ಹಾಗೇ ಹೇಳಿದಳು. ನಿಮ್ಮ ಅಪ್ಪ ಹೆದರಿಕೆಯಲ್ಲಿ ಅವಳನ್ನು ಬೈದ. “ಡಿಗ್ರಿ ಮಾಡಿದವಳು, ಯಾರ್ದೋ ಟ್ಯೂಬು ತೆಗೆದು ಹಚ್ಕೊಳ್ಳೂದಾ? ಬುದ್ಧಿ ಬೇಡ್ವಾ?” ನಾನು ಒಳಗೆ ಬಂಗಡೆ ತೊಳೆಯುತ್ತಿದ್ದೆ. ತೊಳೆದ ಮೀನನ್ನೇ ಮತ್ತೆ ತೊಳೆದೆ.

ಮುಂದಿನ ವಾರ ಟೈಲರಕ್ಕ ಮೊದಲು ಸೊಸೆಯ ಸುದ್ದಿ ಕೇಳಿದರು. ಬೈಗುಳದ ಕತೆ ಕೇಳಿ ಯಂತ್ರ ನಿಲ್ಲಿಸಿದರು. ಆಮೇಲೆ, “ಮಗನಿಗೆ ನೀ ಹೇಳ್ಬೇಕು ತಂಗಿ” ಎಂದರು. ತಾವು ಹಿಂದೆ ಒಬ್ಬಳ ಮದುವೆ ರವಿಕೆಯನ್ನು ತಪ್ಪು ಕತ್ತರಿಸಿ, ಮದುಮಗಳ ಮನೆಗೇ ನಡೆದು ಹೋಗಿ ತಪ್ಪು ನನ್ನದು ಎಂದು ಹೇಳಿಬಂದದ್ದನ್ನು ಹೇಳಿದರು. “ಬೈದ್ರು. ಬೈದು ಚಾ ಕೊಟ್ರು” ಎಂದರು. ಅಲ್ಲಿಂದ ಮುಂದೆ ಯಾವಾಗ ಹೋದರೂ, “ಹೇಳಿದ್ಯ?” ಎಂದು ಕೇಳುವರು. “ಇಲ್ಲ” ಎನ್ನುವೆ. ಮತ್ತೆ ಆ ಮಾತು ಎತ್ತದೆ ಅಳತೆ ತೆಗೆಯುವರು. ಬೇರೆ ಯಾರ ಹತ್ತಿರವೂ ಅವರು ಇದನ್ನು ಆಡಲಿಲ್ಲ.

ಆ ಎಂಟು ತಿಂಗಳು ನಾನು ಹೇಗೆ ಕಳೆದೆನೆಂದು ದೇವರಿಗೇ ಗೊತ್ತು. ಹುಟ್ಟಿದವಳು ನೀನೇ ಮಗಾ, ಮನೆಯ ಹಿರಿಮೊಮ್ಮಗಳೆ. ನರ್ಸು ನಿನ್ನನ್ನು ಕೈಗೆ ಕೊಟ್ಟಾಗ ಕಾಲ್ಬೆರಳು, ಕೈಬೆರಳು, ಕಿವಿ, ಅಂಗುಳು ಎಲ್ಲ ನೋಡಿದೆ. ಎಲ್ಲ ಸರಿಯಿತ್ತು. ಟೈಲರಕ್ಕ ಮಗುವನ್ನು ನೋಡಲು ಬಂದು, ನಿನ್ನ ಕೆನ್ನೆ ಮುಟ್ಟಿ, “ಇವಳ್ದು ಚಂದ ಮೆತ್ತಿದ ಗೋಡೆ” ಎಂದು ನಕ್ಕರು. ಹೊರಡುವಾಗ ಬಾಗಿಲಲ್ಲಿ ನನ್ನೊಬ್ಬಳಿಗೇ ಕೇಳುವ ಹಾಗೆ, “ಹೇಳಿದ್ಯ?” ಎಂದರು.

ಹೋದ ವರ್ಷ ದೀಪಾವಳಿಗೆ ಮುಂಚೆ, ಕೈತುಂಬ ಹೊಲಿಗೆ ಇರುವಾಗಲೇ ಟೈಲರಕ್ಕ ತೀರಿಕೊಂಡರು. ಎದೆನೋವು ಎಂದು ಒಂದು ಗಂಟೆ ಮಲಗಿದ್ದರಂತೆ, ಅಷ್ಟೆ. ಅದಕ್ಕೆ ಹದಿನೈದು ದಿನ ಮುಂಚೆ ಹೋಗಿದ್ದೆ. ಆಗಲೂ ಕೇಳಿದ್ದರು. “ಹೇಳ್ತೇನೆ” ಎಂದಿದ್ದೆ.

ಈಗ ನಿನಗೂ ಹಣೆಯಲ್ಲಿ ಮೊಡವೆ ಬಂದಿವೆ. ಮೊನ್ನೆ ನಿನ್ನ ಅಮ್ಮ ನಿನ್ನನ್ನು ಡಾಕ್ಟರಿಗೆ ತೋರಿಸಿ ಕ್ರೀಮು ತಂದಳು. ನಿನ್ನ ಅಪ್ಪ ಎಂದಿನ ಹಾಗೆ, “ಚೀಟಿ ಓದಿದ್ಯಾ? ನಿನ್ನ ಅಮ್ಮನ ಹಾಗೆ ಮಾಡ್ಬೇಡ” ಎಂದ. ಇಷ್ಟು ವರ್ಷದಿಂದ ಅದು ಈ ಮನೆಯ ತಮಾಷೆ. ನೀವು ಮಕ್ಕಳೂ ನಕ್ಕಿರಿ. ನಿಮ್ಮ ಅಮ್ಮನೂ ನಕ್ಕಳು. ಅವಳು ಒಮ್ಮೆಯೂ ನನ್ನ ಕಡೆ ನೋಡಲಿಲ್ಲ.

ಆ ಟ್ಯೂಬು ಕೊಟ್ಟವಳು ನಾನು. ಚೀಟಿಯಲ್ಲಿ ಏನಿದೆ ಎಂದು ಎರಡು ಸಲ ಕೇಳಿಯೂ ಕೊಟ್ಟವಳು. ನಿಮ್ಮ ಅಮ್ಮನದು ಏನೂ ತಪ್ಪಿಲ್ಲ. ಎದುರು ನಿಂತು ಹೇಳಲು ನನಗೆ ಈಗಲೂ ಬಾಯಿ ಬರುವುದಿಲ್ಲ. ನಿಮಗಾಗಿ ಬರೆದದ್ದಾದರೂ ಈ ಪುಸ್ತಕವನ್ನು ಇವತ್ತು ಟಿವಿಯ ಪಕ್ಕ, ನಿಮ್ಮ ಅಪ್ಪ ಬೈಕಿನ ಕೀ ಇಡುವ ಜಾಗದಲ್ಲಿ ಇಡುತ್ತೇನೆ. ಮೊದಲು ಅವನು ಓದಲಿ.