ಮೊದಲ ಸಾಲಿನ ಶ್ರೀ

ನಮ್ಮತ್ತೆಯ ಗಂಟಲು ಬಿದ್ದುಹೋದ ವರ್ಷವೇ ನನ್ನ ಮಗಳ ಮದುವೆ ಗೊತ್ತಾಯಿತು. ಗಾವಡಗೆರೆಯ ಸುತ್ತಮುತ್ತ ಯಾರ ಮನೆಯಲ್ಲಿ ಅರಿಸಿನ ಹಚ್ಚಿದರೂ ಸೋಬಾನೆ ಹೇಳಲು ಅತ್ತೆಯೇ ಬೇಕಿತ್ತು. ಮೊಮ್ಮಗಳ ಮದುವೆಗೆ ಮಾತ್ರ ಬರೀ ಪಿಸುಮಾತು ಉಳಿದಿತ್ತು. ಅವರ ಹಾಡುಗಳನ್ನು ಪುಸ್ತಕ ಮಾಡಿದರೆ ಉಳಿದ ಹೆಂಗಸರು ನೋಡಿಕೊಂಡು ಹೇಳಬಹುದೆಂದು ನಾನೇ ಹಟ ಹಿಡಿದೆ. ಕಂಪ್ಯೂಟರ್ ಅಂದರೆ ಧೂಳು ಒರೆಸುವುದಷ್ಟೇ ಗೊತ್ತಿದ್ದವಳು ನಾನು.

ಮಗಳು ಮೈಸೂರಿನಲ್ಲಿ ಪುಸ್ತಕದ ಪುಟ ಜೋಡಿಸುವ ಕೆಲಸದಲ್ಲಿದ್ದಳು. "ನಾನೇ ಮಾಡ್ಕೊಡ್ತೀನಿ ಬುಡವ್ವ" ಎಂದಳು. ಮದುಮಗಳೇ ತನ್ನ ಸೋಬಾನೆ ಪುಸ್ತಕ ಮಾಡಿಕೊಳ್ಳುವುದುಂಟೇ? ಬೈದು, ಅವಳ ಹಳೇ ಲ್ಯಾಪ್‌ಟಾಪ್ ಕಸಿದುಕೊಂಡೆ. ಅದರಲ್ಲಿದ್ದ ಪುಟ ಜೋಡಿಸುವ ತಂತ್ರಾಂಶದಲ್ಲಿ ಅಕ್ಷರ ಎಷ್ಟು ದಪ್ಪ, ಹಾಡು ಎಲ್ಲಿ ಶುರು ಎಂದು ಆಜ್ಞೆಗಳನ್ನು ಬರೆದು ಗುಂಡಿ ಒತ್ತಿದರೆ ಪುಟ ಬರಬೇಕು. ಬರಲಿಲ್ಲ. ಮೊದಲನೇ ಸಾಲಿನಲ್ಲಿ ತಪ್ಪಿದೆ ಎಂದು ಕೆಂಪಗೆ ತೋರಿಸಿತು. ಮೊದಲನೇ ಸಾಲಿನಲ್ಲಿದ್ದದ್ದು ಶ್ರೀ. ದಿನಸಿ ಚೀಟಿಗೂ ಶ್ರೀ ಹಾಕಿ ಬರೆಯುವ ಮನೆ ನಮ್ಮದು, ಅದು ಹೇಗೆ ತಪ್ಪಾದೀತು? ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ವಾರಗಟ್ಟಲೆ ತಿದ್ದಿದೆ. ಮದುವೆ ಹತ್ತಿರ ಬಂತು, ತಪ್ಪು ಕದಲಲಿಲ್ಲ.

ಕೊನೆಗೆ ಸೋತು ಮಗಳಿಗೆ ಪರದೆಯ ಫೋಟೋ ಕಳಿಸಿದೆ. ಫೋನಿನಲ್ಲಿ ನಕ್ಕು ನಕ್ಕು ಸುಸ್ತಾದಳು.

"ಆಜ್ಞೆಗಿಂತ ಮೊದ್ಲು ಏನಿದ್ರೂ ಅದು ಒಪ್ಪಲ್ಲ ಕಣವ್ವ. ಶ್ರೀ ತಗ್ದುಬುಡು. ಬೇಕಾದ್ರೆ ಒಳಗೆಲ್ಲಾದ್ರೂ ಹಾಕು."

ಪಕ್ಕದಲ್ಲಿದ್ದ ಅತ್ತೆ ಕೇಳಿಸಿಕೊಂಡರು. "ಶುರುನಲ್ಲೇ ಇಲ್ದಿದ್ಮೇಲೆ ನಂಗೆ ಆ ಪುಸ್ತಕ್ವೇ ಬ್ಯಾಡ" ಎಂದು ಪಿಸುಗುಟ್ಟಿದರು.

ಒಳ್ಳೇ ಪೀಕಲಾಟಕ್ಕೆ ಬಂತು. ಮಗಳೇ ದಾರಿ ತೋರಿದಳು. ಶ್ರೀಯ ಎಡಕ್ಕೆ ಒಂದು ಶೇಕಡಾ ಗುರುತು ಹಾಕಿದರೆ ಯಂತ್ರ ಆ ಸಾಲನ್ನು ಓದದೆ ದಾಟಿಹೋಗುತ್ತದೆ, ಸಾಲು ಅಲ್ಲೇ ಇರುತ್ತದೆ, ಅಚ್ಚಿನಲ್ಲಿ ಮಾತ್ರ ಕಾಣುವುದಿಲ್ಲ. ಅತ್ತೆ ಯೋಚಿಸಿ, "ಕಾಣ್ದಿದ್ರೆ ಬುಡು. ಅಲ್ಲೇ ಅದೆಯಲ್ಲ, ಸಾಕು" ಅಂದರು. ಗುಂಡಿ ಒತ್ತಿದೆ. ದುಂಡು ಕನ್ನಡದಲ್ಲಿ ಅತ್ತೆಯ ಹಾಡು ಪುಟದ ತುಂಬ ಬಂತು. ಖುಷಿ ತಡೆಯಲಾರದೆ ಅತ್ತೆಯನ್ನು ತಬ್ಬಿಕೊಂಡುಬಿಟ್ಟೆ. ಸೊಸೆಯಾಗಿ ಬಂದ ಮೇಲೆ ಅದೇ ಮೊದಲು.

ಅರಿಸಿನದ ದಿನ ಹೆಂಗಸರೆಲ್ಲ ಪುಸ್ತಕ ಹಿಡಿದು ಹಾಡಲು ಕೂತರು. ಅತ್ತೆ ನಡುವೆ ಕೂತು ದನಿಯಿಲ್ಲದೆ ತುಟಿ ಆಡಿಸುತ್ತಿದ್ದರು. ಪುಟ ಮಗುಚುವ ಗಡಿಬಿಡಿಯಲ್ಲಿ ಹಾಡು ಒಮ್ಮೆ ನಿಂತುಹೋಯಿತು. ಎಲ್ಲರೂ ಅತ್ತೆಯ ತುಟಿ ನೋಡಿದರು, ಮುಂದಿನ ಸಾಲು ಎತ್ತಿಕೊಂಡರು. ಆಮೇಲೆ ಯಾರೂ ಅವರ ಮುಖದಿಂದ ಕಣ್ಣು ತೆಗೆಯಲಿಲ್ಲ. ನಾನು ಅಷ್ಟು ಪಾಡುಪಟ್ಟು ಮಾಡಿದ ಪುಸ್ತಕ ಎಲ್ಲರ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ನನಗೆ ಒಂದು ಚೂರೂ ಸಿಟ್ಟು ಬರಲಿಲ್ಲ.